ಎರಡು ತುದಿಯ ಮೇಣದಬತ್ತಿ

ಬೆಳಿಗ್ಗೆ ಅವ್ವನ ಹಾಸಿಗೆಯ ಬಟ್ಟೆಗಳನ್ನು ಫಿನಾಯಿಲ್ ನೀರಿಗೆ ಹಾಕುವ ಹೊತ್ತಿಗೆ ಸರಿಯಾಗಿ ಫೋನು ಟಿಣ್ ಎನ್ನುತ್ತದೆ. ನೋಡುವುದೇ ಬೇಡ, ತೀರ್ಥಹಳ್ಳಿಯಿಂದ ಅಕ್ಕ ಇಡಿಯಮ್ ಕಳಿಸಿರುತ್ತಾಳೆ. ಮೊನ್ನೆ ಬಂದದ್ದು ‘ಬರ್ನಿಂಗ್ ದ ಕ್ಯಾಂಡಲ್ ಅಟ್ ಬೋತ್ ಎಂಡ್ಸ್’. ಕೆಳಗೆ ಅರ್ಥ: ಹಗಲೂ ರಾತ್ರಿ ದುಡಿದು ಹೈರಾಣಾಗುವುದು. ಅದರ ಕೆಳಗೊಂದು ಗುಲಾಬಿ ಹೂವು. ಫಿನಾಯಿಲ್ ವಾಸನೆಯಲ್ಲಿ ಗುಲಾಬಿ ನೋಡಿದರೆ ಯಾರಿಗೆ ಸಿಟ್ಟು ಬರುವುದಿಲ್ಲ, ನೀವೇ ಹೇಳಿ.

ಈ ಚಟ ಅಂಟಿಸಿದವರು ಅಪ್ಪ. ಹೊಸನಗರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಗೇಣಿ ಮಾಡುತ್ತಿದ್ದ ಮನೆಯಲ್ಲಿ ಒಡೆಯರ ಮೇಲಿನ ಗೊಣಗಾಟ ಕೇಳಿಯೇ ಬೆಳೆದವರು, ಹಾಗಾಗಿ ಗೊಣಗಾಟವೆಂದರೆ ಅವರಿಗೆ ಆಗುತ್ತಿರಲಿಲ್ಲ. ಮನೆಗೊಂದು ಕಾನೂನು ಮಾಡಿದರು: ದೂರು ಇದ್ದವರು ಇಂಗ್ಲಿಷ್ ಇಡಿಯಮ್ಮಿನಲ್ಲೇ ಹೇಳಬೇಕು! ಅಕ್ಕ ನನ್ನ ರಿಬ್ಬನ್ ಕಿತ್ತುಕೊಂಡರೆ ನಾನು ಅಳುವಂತಿಲ್ಲ, ತಕ್ಕ ಇಡಿಯಮ್ ಹುಡುಕಬೇಕು. ಹುಡುಕುವಷ್ಟರಲ್ಲಿ ನನ್ನ ಸಿಟ್ಟೂ ಇಳಿದಿರುತ್ತಿತ್ತು, ರಿಬ್ಬನ್ನೂ ಅವಳ ಜಡೆ ಸೇರಿರುತ್ತಿತ್ತು. ಯಾರಾದರೂ ಮುಖ ಊದಿಸಿಕೊಂಡು ಕೂತರೆ ಅಪ್ಪನೇ ಒಂದು ಇಡಿಯಮ್ ಎಸೆದು, “ಹೂಂ, ಈಗ ನಿಂದು ಬಿಡು ನೋಡಾಣ” ಎನ್ನುತ್ತಿದ್ದರು. ಆಮೇಲೆ ಬಾಯಿ ಬಿಡದೆ ಇರುವುದು ಕಷ್ಟವಾಗುತ್ತಿತ್ತು.

ಅವ್ವ ಮಾತ್ರ ಈ ಕಾನೂನಿಗೆ ಸೊಪ್ಪು ಹಾಕಲಿಲ್ಲ. ಮೇಣದಬತ್ತಿಯ ಇಡಿಯಮ್ ಕೇಳಿ, “ಎರಡೂ ತುದಿಗೆ ಬೆಂಕಿ ಹಚ್ಚಿದ್ರೆ ಹಿಡ್ಕಳದು ಎಲ್ಲಿ?” ಎಂದಿದ್ದಳು.

ಆ ಅವ್ವ ಈಗ ರಿಪ್ಪನ್‌ಪೇಟೆಯ ನನ್ನ ಮನೆಯಲ್ಲಿ ಮಲಗಿದ್ದಾಳೆ. ಲಕ್ವ ಹೊಡೆದು ಒಂದು ಕಡೆಯ ಕೈಕಾಲೂ ಹೋಯಿತು, ಮಾತೂ ಹೋಯಿತು. ನಾನೂ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು, ಮನೆಯಲ್ಲೇ ಇರುತ್ತೇನಲ್ಲ! ಅವ್ವನ ಮೇಲೆ ನನಗೆ ಬೇಸರವಿಲ್ಲ, ಬೇಸರವೆಲ್ಲ ನನ್ನ ಬೆನ್ನಿಗೆ. ಸುಸ್ತಾಗಿದ್ದೇನೆ, ನಿಜವಾಗಿಯೂ ಸುಸ್ತಾಗಿದ್ದೇನೆ. ಅಕ್ಕನಿಗೆ ಮಾತ್ರ ‘ಅಂಡರ್ ದ ವೆದರ್’, ಅಂದರೆ ಮೈ ಸ್ವಲ್ಪ ಸರಿಯಿಲ್ಲ, ಎಂದಷ್ಟೇ ಬರೆದು ಸುಮ್ಮನಾಗುತ್ತಿದ್ದೆ. ಮಕ್ಕಳಿಗೆ ಅಷ್ಟು ವರ್ಷ ಇಡಿಯಮ್ ಕಲಿಸಿದವಳಿಗೆ ಒಂದು ನೇರ ಮಾತು ಹೊರಡುತ್ತಿರಲಿಲ್ಲ.

ಮೊನ್ನೆ ಅವ್ವನನ್ನು ಎತ್ತಿ ಕೂರಿಸಲು ಹೋದೆ. ಬೆನ್ನು ಹಿಡಿದುಕೊಂಡಿತು. ಅವಳನ್ನು ಹೇಗೋ ದಿಂಬಿಗೆ ಒರಗಿಸಿ, ನಾನು ನೆಲದ ಮೇಲೆ ಕುಸಿದೆ. ಅಷ್ಟರಲ್ಲೇ ಆ ಮೇಣದಬತ್ತಿ, ಗುಲಾಬಿ. ಕೂತಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ.

“ಅಕ್ಕಾ, ನನ್ ಕೈಲಿ ಆಗ್ತಿಲ್ಲ. ಬಾರೇ.”

ಅಕ್ಕ ಅತ್ತುಕೊಂಡೇ ಬೈದಳು. “ಇಷ್ಟು ಹೇಳಕ್ಕೆ ಇಷ್ಟು ದಿನ ಬೇಕಾಯ್ತನೇ ಮಾರಾಯ್ತಿ? ಬರ್ತೀನಿ ಅಂದಾಗೆಲ್ಲ ಎಲ್ಲ ಆರಾಮು, ಬರಬೇಡ ಅಂತಿದ್ದೆ. ಇನ್ನೇನ್ ಮಾಡ್ಲಿ? ಅಪ್ಪ ಎಸೀತಿದ್ರಲ್ಲ, ಹಂಗೆ ದಿನಾ ಒಂದು ಎಸೀತಿದ್ದೆ. ನೀನು ಬಾಯೇ ಬಿಡ್ಲಿಲ್ಲ.”

ನಾನೂ ಅತ್ತೆ. ಇಡಿಯಮ್ ಹುಡುಕದೆ, ರಿಬ್ಬನ್ನಿಗಾಗಿ ಅಲ್ಲದೆ, ಸುಮ್ಮನೆ ಅತ್ತೆ.

ಇವತ್ತು ಫೋನು ಟಿಣ್ ಎನ್ನಲಿಲ್ಲ. ನಿನ್ನೆ ಮೊದಲ ಬಸ್ಸಿಗೇ ಬಂದ ಅಕ್ಕ ಬಚ್ಚಲಲ್ಲಿ ಸೀರೆ ಎತ್ತಿ ಕಟ್ಟಿ ನಿಂತಿದ್ದಾಳೆ. ಅವ್ವನ ದಪ್ಪ ಜಮಖಾನ ಹಿಂಡಲು ಒಬ್ಬಳ ಕೈಗೆ ಬಗ್ಗುವಂಥದ್ದಲ್ಲ, ಇಷ್ಟು ದಿನವೂ ಅರ್ಧ ನೀರು ಅದರಲ್ಲೇ ಉಳಿಯುತ್ತಿತ್ತು. ಅಕ್ಕ ಒಂದು ತುದಿ ಹಿಡಿದು ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು.

“ಗಟ್ಟಿ ಹಿಡ್ಕಳೇ” ಎಂದಳು.

ಹಿಡಿದುಕೊಂಡೆ.