ಹಳ್ಳಕ್ಕಾಗಿ ಅತ್ತವಳು

ಹೋದ ತಿಂಗಳು ಒಬ್ಬ ಹುಡುಗಿ ಮನೆಗೆ ಬಂದು ನನ್ನ ಹೆಂಡತಿಯ ಅಳುವನ್ನು ಕೊಡಿ ಎಂದು ಕೇಳಿದಳು. ಅದು ನನ್ನ ಫೋನಿನಲ್ಲಿದೆ. ಅನಂತಪುರದಲ್ಲಿ ನೀರಿನ ಬಗ್ಗೆ ಒಂದು ಪ್ರದರ್ಶನ ಇಡುತ್ತಾರಂತೆ. ಒಂದು ಕೋಣೆಯನ್ನು ಕತ್ತಲೆ ಮಾಡಿ ಅಲ್ಲಿ ಅದನ್ನು ಕೇಳಿಸುತ್ತಾರಂತೆ, ಗೋಡೆಯ ಮೇಲೆ ಅವಳ ಫೋಟೊ ಇರುತ್ತದಂತೆ. ನಾನು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಆ ಹುಡುಗಿಗೆ ಸರಿಯಾಗಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ರಾಯದುರ್ಗದವನು. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರ್. ನನ್ನ ಹೆಂಡತಿ ಮಡಕಶಿರಾ ಕಡೆಯವಳು, ಹೇಮಾವತಿಯ ಹತ್ತಿರದ ಒಂದು ಹಳ್ಳಿ. ಅವಳ ತವರಿನಲ್ಲಿ ಸಾವಿನ ಮನೆಗೆ ಹೋದ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರ ಕಾಲ ಹತ್ತಿರ ಕೂತು, ಅವರನ್ನು ಮಾತಾಡಿಸುತ್ತಾ, ರಾಗ ಎಳೆದು ಅಳುತ್ತಾರೆ. ಅವರು ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದರು, ಯಾರ ಮೇಲೆ ಮುನಿಸಿಕೊಂಡೇ ಹೋದರು, ಎಲ್ಲವೂ ಅದರಲ್ಲಿ ಬರುತ್ತದೆ. ನನ್ನ ಅತ್ತೆ ಅದರಲ್ಲಿ ಹೆಸರಾದವರು. ಮಗಳು ಅವರ ಪಕ್ಕದಲ್ಲಿ ಕೂತು ಕಲಿತಿದ್ದಳು. ಅದಕ್ಕೆ ಅವರದೇ ಕಟ್ಟುಪಾಡುಗಳಿದ್ದವು. ಎದುರಿಗೆ ಹೆಣ ಇರಬೇಕು. ಮುಗಿದ ಮೇಲೆ ಯಾರಾದರೂ ಒಂದು ಚೊಂಬು ನೀರು ಕೊಡಬೇಕು, ಬಾಯಿ ಮುಕ್ಕಳಿಸದೆ ಬೇರೆ ಮಾತಾಡಬಾರದು. ಮುಖ್ಯವಾಗಿ, ಒಬ್ಬರಿಗೆ ಒಂದೇ ಸಲ ಅಳಬೇಕು. ಎರಡನೇ ಸಲ ಅತ್ತರೆ ಸ್ವಂತ ಮನೆಯವರಲ್ಲಿ ಒಬ್ಬರನ್ನು ಸಾವಿಗೆ ಕರೆದ ಹಾಗೆ.

ನನ್ನ ಅಪ್ಪ ಸತ್ತಾಗ ಅವಳು ಹಾಗೆ ಕೂತು ಅತ್ತಳು. ನಮ್ಮ ಓಣಿಯ ಹೆಂಗಸರು ಅಂಥದ್ದನ್ನು ಕೇಳಿರಲಿಲ್ಲ. ಎದುರುಮನೆಯ ಮುದುಕಿ ನನ್ನ ತಾಯಿಗೆ, "ಏನ್ ಅಳ್ತಾಳವಾ ನಿನ್ನ ಸೊಸಿ! ಮುದುಕಪ್ಪಗ ಎದ್ದು ಕುಂದ್ರಬೇಕು ಅನ್ಸಿರಬೇಕು ನೋಡು" ಎಂದಿದ್ದಳು. ಅಂಥ ಹೊತ್ತಿನಲ್ಲೂ ನಮ್ಮ ತಾಯಿ ನಕ್ಕುಬಿಟ್ಟರು.

ನಮ್ಮ ಓಣಿಯ ಹಿಂದೆ ಒಂದು ಹಳ್ಳ ಇದೆ. ಅದರ ಮೇಲ್ಗಡೆ ವಾಷಿಂಗ್ ಶೆಡ್ಡುಗಳಿವೆ. ನಾವು ಕತ್ತರಿಸಿ ಹೊಲಿದ ಪ್ಯಾಂಟುಗಳು ಅಲ್ಲಿಗೆ ಹೋಗುತ್ತವೆ. ಹೊಸ ಬಟ್ಟೆಯನ್ನು ಔಷಧಿ ಹಾಕಿ ಒಗೆದು ಒಗೆದು ಹಳೆಯದರಂತೆ ಮಾಡುವುದು ಅಲ್ಲಿಯ ಕೆಲಸ. ಆ ನೀರೆಲ್ಲ ಹಳ್ಳಕ್ಕೆ. ಮೊದಮೊದಲು ನೊರೆ ಮಾತ್ರ ನೀಲಿ ಇತ್ತು. ಆಮೇಲೆ ನೀರೇ ನೀಲಿಯಾಯಿತು. ಕಾಲಿಟ್ಟರೆ ಕೆರೆತ. ಓಣಿಯ ಬೋರಿನ ನೀರಿಗೂ ವಾಸನೆ ಬಂತು. ಕುರಿಯವರು ಹಳ್ಳದ ದಾರಿ ಬಿಟ್ಟು ಗುಡ್ಡದ ಕಡೆ ಕುರಿ ಹೊಡೆದುಕೊಂಡು ಹೋಗಲು ಶುರುಮಾಡಿದರು. ಹಳ್ಳದ ಬಣ್ಣ ನೋಡಿದರೆ ಸಾಕು, ಹಿಂದಿನ ವಾರ ನಾನು ಯಾವ ಬಣ್ಣದ ಬಟ್ಟೆಯ ಥಾನು ಕತ್ತರಿಸಿದ್ದೆ ಎಂದು ನನಗೆ ತಿಳಿಯುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಓಣಿಯವರು ಸೋಮವಾರ ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ಹಲವು ಸಲ ಹೋಗಿ ಬಂದರು. ಪ್ರತಿ ಸಲವೂ ಒಂದು ನಂಬರು ಬರೆದ ಚೀಟಿ ಕೊಡುತ್ತಿದ್ದರು.

ಆಗ ಬಂದದ್ದು ಈ ಹುಡುಗಿ ಮತ್ತು ಅವಳ ಜೊತೆಯವರು. ಚಿತ್ರ ಬರೆಯುವವರು, ಹಾಡು ಕಟ್ಟುವವರು. ಹಳ್ಳದ ಕಡೆಗಿನ ನಮ್ಮ ಹಿತ್ತಲ ಗೋಡೆಗಳ ಮೇಲೆಲ್ಲ ಹೊಟ್ಟೆ ಮೇಲಾದ ಮೀನುಗಳನ್ನು ಬರೆದರು. ಚೆನ್ನಾಗಿ ಬರೆದಿದ್ದರು. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

"ಅರ್ಜಿ ಓದಿದ್ರೆ ಯಾರಿಗೂ ಏನೂ ಅನ್ಸಲ್ಲ ಅಕ್ಕಾ. ಅವರ ಮನಸ್ಸಿಗೆ ಮುಟ್ಟಬೇಕು" ಎಂದಳು ಹುಡುಗಿ.

"ಮನಸ್ಸಿಗೆ ಆಮ್ಯಾಲೆ ಮುಟ್ಲಿ. ಮೊದ್ಲು ಬಂದು ಈ ನೀರ್ನಾಗೆ ಕಾಲಿಡಕ್ಕೇಳು" ಎಂದಳು ನನ್ನ ಹೆಂಡತಿ.

ಅವಳ ಅಳುವಿನ ವಿಷಯ ಓಣಿಯವರಿಂದ ಹುಡುಗಿಗೆ ತಿಳಿಯಿತು. ಹಳ್ಳ ಸತ್ತಿದೆ ಎಂದುಕೊಂಡು ಕಚೇರಿಯ ಮುಂದೆ ಅಳುತ್ತೀರಾ ಎಂದು ಕೇಳಿದಳು. ಇವಳು ನಕ್ಕಳು. "ಹೆಣ ಎಲ್ಲೈತೆ? ಹೆಣ ಇಲ್ದೆ ಅಳಕ್ಕೆ ನನಗೇನು ಹುಚ್ಚಾ?" ಆದರೆ ಎರಡು ದಿನ ಹಿತ್ತಲಿಗೆ ಹೋಗಿ ಹೋಗಿ ಹಳ್ಳ ನೋಡಿ ಬಂದಳು. ಮೂರನೇ ದಿನ ತಾನೇ ಹಳ್ಳಕ್ಕಿಳಿದು ಒಂದು ಕೊಡ ನೀರು ತುಂಬಿ ತಂದು ಕಟ್ಟೆಯ ಮೇಲಿಟ್ಟು, ಮೇಲೆ ಬಿಳಿ ಬಟ್ಟೆ ಹೊದಿಸಿದಳು. "ನಡೀರಿ, ಹೆಣ ಸಿಕ್ತು" ಎಂದಳು.

ಕಚೇರಿಯ ಅಂಗಳದಲ್ಲಿ ಕೊಡ ಇಟ್ಟು, ಅದರ ಬುಡ ಹಿಡಿದು ಕೂತಳು.

"ಅವ್ವಾ ನನ್ನವ್ವಾ, ಮದ್ವೆಯಾಗಿ ಬಂದ ದಿನ ನನ್ನ ಕಾಲು ತೊಳೆದೋಳೇ, ಅತ್ತೆ ಬೈದ ದಿನ ನನ್ನ ಮಖ ತೊಳೆದೋಳೇ, ಕೇಳ್ದಾಗೆಲ್ಲ ಇಲ್ಲ ಅನ್ನದೋಳೇ, ನಿನಗ್ಯಾರೇ ಉಡ್ಸಿದೋರು ಈ ನೀಲಿ ಸೀರೆ? ಉಡ್ಸಿದೋರು ಬಿಚ್ಚೋದ ಮರ್ತು ಹೋದ್ರಲ್ಲೇ..."

ಹೀಗೆ ಶುರುವಾಯಿತು. ಬರೆದದ್ದನ್ನು ಓದಿದರೆ ಅದರ ಅರ್ಧ ಕೂಡ ಇಲ್ಲ. ಟೀ ಹಿಡಿದಿದ್ದ ಗುಮಾಸ್ತ ಕುಡಿಯುವುದನ್ನು ಮರೆತು ನಿಂತಿದ್ದ. ದೊಡ್ಡ ಹುದ್ದೆಯ ಒಬ್ಬ ಹೆಂಗಸು ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಫೋನಿನಲ್ಲಿ ಹಿಡಿಯುತ್ತಿದ್ದೆ. ಮುಗಿಸಿ ಅವಳು ತಲೆ ಎತ್ತಿ ನೀರಿಗಾಗಿ ಸುತ್ತ ನೋಡಿದಳು. ಆಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಕೈಯಲ್ಲಿ ಫೋನಿದ್ದುದರಿಂದ ನಾನು ಇನ್ನೊಂದು ಕೈಯನ್ನು ತೊಡೆಗೆ ತಟ್ಟಿದೆ.

"ಚಾಲಾ ಬಾಗಾ ಪಾಡಾವಮ್ಮಾ" ಎಂದು ಆ ಅಧಿಕಾರಿ ತೆಲುಗಿನಲ್ಲಿ ಅವಳ ಹಾಡನ್ನು ಹೊಗಳಿದರು. ಇವಳಿಗೆ ಯಾರೂ ನೀರು ಕೊಟ್ಟಿರಲಿಲ್ಲ. ಬಾಯಿ ಬಿಗಿಹಿಡಿದು ಮನೆಯವರೆಗೆ ನಡೆದಳು. ಜಂಬ ಎಂದುಕೊಂಡರು ಜನ. ಮನೆಗೆ ಬಂದು, ತಾನೇ ನೀರು ಮೊಗೆದು ಮುಕ್ಕಳಿಸಿದ ಮೇಲೆ, "ತಟ್ಟಿದ್ರಲ್ರೀ" ಎಂದಳು. ಅಷ್ಟೇ.

ಹನ್ನೊಂದು ದಿನ ಸೂತಕ ಹಿಡಿದಳು. ಒಗ್ಗರಣೆ ಇಲ್ಲ, ತಲೆಗೆ ಎಣ್ಣೆ ಇಲ್ಲ. ಎದುರುಮನೆಯ ಮುದುಕಿ ದಿನವೂ ಕೇಳುತ್ತಿದ್ದಳು, "ಏನವಾ, ಹಳ್ಳದ ತಿಥಿ ಯಾವಾಗ? ನಮಗೂ ಹೇಳವಾ, ಎಲಿ ಹಿಡ್ಕೊಂಡು ಬರ್ತೀವಿ."

ಅವಳ ಅಳುವಿನಿಂದ ಒಂದು ಕೆಲಸವಾಯಿತು. ಶೆಡ್ಡಿನವರು ನೀರು ಬಿಡುವ ಜಾಗಕ್ಕೆ ಪೈಪು ಹಾಕಿ ಮೇಲೆ ಕಲ್ಲುಚಪ್ಪಡಿ ಮುಚ್ಚಿದರು. ರಸ್ತೆಯಲ್ಲಿ ಹೋಗುವವರಿಗೆ ಈಗ ಅದು ಕಾಣುವುದಿಲ್ಲ.

ಆಮೇಲೆ ಕರೆಗಳು ಬಂದವು. ಒಂದು ಸಮಾರಂಭದಲ್ಲಿ ಅದನ್ನೇ ಹಾಡಬೇಕು ಎಂದರು. ಅವಳು ಆಗುವುದಿಲ್ಲ ಎಂದಳು. "ಒಬ್ರಿಗೆ ಒಂದೇ ಸಲ ಕಣ್ರೀ. ಗೊತ್ತಿಲ್ವಾ ನಿಮಗೆ?"

"ಅದು ಮನುಷ್ಯಾರಿಗೆ. ಹಳ್ಳಕ್ಕ ಏನು ಸೂತಕ, ಏನು ಕಟ್ಟು? ಜನ ಇಷ್ಟು ಪ್ರೀತಿಲೆ ಕರೀತಾರ, ದೊಡ್ಡಸ್ತಿಕಿ ಮಾಡಬ್ಯಾಡ" ಎಂದೆ ನಾನು.

ಹಳ್ಳದ ಮೇಲಿನ ಕಾಳಜಿಯಿಂದ ಹೇಳಿದೆ ಎಂದು ಬರೆದುಕೊಳ್ಳಬಹುದು. ನಿಜ ಅದಲ್ಲ. ನಮ್ಮ ಯೂನಿಟ್ಟಿನ ಯಜಮಾನರು ಫೋನಿನಲ್ಲಿ ಅವಳ ಅಳು ಕೇಳಿ, ಎಲ್ಲರೆದುರು ನನ್ನ ಬೆನ್ನು ತಟ್ಟಿದ್ದರು. ನನಗೆ ಅದು ರುಚಿಸಿತ್ತು.

ಅವಳು ಆ ಸಮಾರಂಭಕ್ಕೆ ಹೋದಳು. ಶಾಮಿಯಾನ ಹಾಕಿಸಿದ್ದು ವಾಷಿಂಗ್ ಶೆಡ್ಡಿನ ಮಾಲೀಕರೊಬ್ಬರು. ಅಳು ಮುಗಿದಾಗ ಅವರೇ ಶಾಲು ಹೊದಿಸಿ, "ನಮ್ಮವ್ವ ನೆನಪಾದ್ಲವ್ವಾ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ, ನಾನು ಹತ್ತಿರದಿಂದ ನೋಡಿದ್ದೇನೆ. ಮರುದಿನ ಬೆಳಿಗ್ಗೆ ಹಳ್ಳದಲ್ಲಿ ಕಪ್ಪುನೀಲಿ ನೀರು ಹರಿಯುತ್ತಿತ್ತು. ಥಾನು ಯಾವುದೆಂದು ನನಗೆ ಗೊತ್ತಿತ್ತು.

ಮೂರನೇ ಸಲ, ನಾಲ್ಕನೇ ಸಲ ಅವಳು ನಾನು ಹೂಂ ಎಂದ ಕಡೆಗೆ ಹೋಗಿ ಅತ್ತು ಬಂದಳು.

ಈ ಬೇಸಿಗೆಯಲ್ಲಿ ಸತ್ತಳು. ರೊಟ್ಟಿ ತಟ್ಟುತ್ತಿದ್ದವಳು ಎದೆ ಹಿಡಿದುಕೊಂಡಳು. ಬಳ್ಳಾರಿಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಮುಗಿಯಿತು. ಹಾರ್ಟು ಎಂದರು ಡಾಕ್ಟರು.

ಅತ್ತೆ ಎರಡು ಬಸ್ಸು ಬದಲಿಸಿ ಬಂದರು. ಬಂದವರೇ ಮಗಳ ಕಾಲ ಹತ್ತಿರ ಕೂತು ಶುರುಮಾಡಿದರು. ಎಳೆಯವಳಿದ್ದಾಗ ಅವಳಿಗೆ ಬಂದ ಜ್ವರ, ಅವಳು ಕದ್ದು ತಿನ್ನುತ್ತಿದ್ದ ಹುಣಸೆಹಣ್ಣು ಎಲ್ಲ ಬಂದವು. ಇನ್ನೂ ಮದುವೆಯವರೆಗೂ ಬಂದಿರಲಿಲ್ಲ. ಸೇರಿದ್ದವರಲ್ಲಿ ಯಾರೋ ಒಬ್ಬ ಮುಂದೆ ಬಗ್ಗಿ ಫೋನು ಹಿಡಿದ. ಅತ್ತೆ ನಿಲ್ಲಿಸಿದರು. "ಯಾರ್ಗೆ ತೋರ್ಸಕಪ್ಪಾ ಇದು?" ಎಂದರು. ಅಳುವನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ನಾನು ಚೊಂಬು ತಂದುಕೊಟ್ಟೆ. "ಮುಗಿದಿಲ್ಲ. ನೀರ್ಯಾಕೆ?" ಎಂದು ಪಕ್ಕಕ್ಕಿಟ್ಟರು.

ಊರಿಗೆ ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಮಾತು ಕೇಳಿದರು.

"ಹಳ್ಳಕ್ಕೆ ಎಷ್ಟು ಸಲ ಅತ್ಲಪ್ಪಾ?"

"ನಾಕು ಸಲರಿ."

ಯಾರು ಕಳಿಸಿದರು ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ನನಗೆ ಆ ಕಟ್ಟುಪಾಡಿನಲ್ಲಿ ನಂಬಿಕೆ ಇಲ್ಲ. ಆದರೆ ಅವಳಿಗೆ ಇತ್ತು. ಆಮೇಲಿನ ಮೂರು ಸಲವೂ ಅವಳು ಆ ಭಯವನ್ನು ಹೊತ್ತುಕೊಂಡೇ ವೇದಿಕೆ ಹತ್ತಿದ್ದಳು, ನಾನು ಹತ್ತಿಸಿದ್ದೆ. ಯಾವ ಡಾಕ್ಟರೂ ಅದನ್ನು ಇಲ್ಲವೆನ್ನಲಾರರು.

ಹೋದ ತಿಂಗಳು ಹುಡುಗಿ ಬಂದದ್ದು ಇಷ್ಟೆಲ್ಲ ಆದ ಮೇಲೆ. ಫೋಟೊದ ಕೆಳಗೆ ಬರೆಯುವುದನ್ನು ತೋರಿಸಿದಳು. ವಿಷದ ನೀರಿಗೆ ಬಲಿಯಾದ ಹಾಡುಗಾರ್ತಿ ಎಂದಿತ್ತು.

"ಆಕಿ ನೀರಿಂದ ಸತ್ತಿಲ್ಲಮ್ಮಾ. ಹಾರ್ಟು."

"ಗೊತ್ತಣ್ಣಾ. ಆದ್ರೆ ಕೇಳೋರಿಗೆ ಮುಟ್ಟಬೇಕಲ್ಲ. ಬೇಡ ಅಂದ್ರೆ ಅದನ್ನ ತೆಗೀತೀವಿ. ಹಾಡು ಮಾತ್ರ ಕೊಡಿ. ಕೊನೇಲಿ ಚಪ್ಪಾಳೆ ಇದೆಯಲ್ಲ, ಅದನ್ನೂ ಕಟ್ ಮಾಡ್ತೀವಿ."

"ಅದು ಕಟ್ ಮಾಡಿದ್ರ ಅಲ್ಲಿ ಏನಾತು ಅಂತ ಹೆಂಗ ತಿಳೀಬೇಕು ಜನಕ್ಕ? ಮುಟ್ಟಬೇಕಾದೋರಿಗೆಲ್ಲ ಮುಟ್ಟೇತಮ್ಮಾ. ಚೊಲೋ ಮುಟ್ಟೇತಿ. ಕಣ್ಣೀರು ಹಾಕಿ, ಮನಿಗೆ ಹೋಗಿ ಉಂಡಾರ."

ಹುಡುಗಿಗೆ ಸಿಟ್ಟು ಬಂತು. "ಹಾಗಾದ್ರೆ ಈ ಹಳ್ಳಕ್ಕೆ ಯಾರಿದಾರಣ್ಣಾ? ಅಕ್ಕ ಇಲ್ಲ. ನೀವಂತೂ ಪ್ಯಾಂಟು ಕತ್ತರಿಸ್ತಾ ಕೂತಿದೀರಿ." ಹೇಳಿದ ಮೇಲೆ ಅವಳಿಗೇ ಅಳು ಬಂತು. ಕೆಟ್ಟ ಹುಡುಗಿಯಲ್ಲ.

ಅವಳು ಹೋದ ಮೇಲೆ ನಾನು ಕಾಗದ ತೆಗೆದುಕೊಂಡೆ. ಯಾವ ವಾರ ಯಾವ ಥಾನು ಕತ್ತರಿಸಿದೆ, ಆ ಮಾಲು ಯಾವ ಶೆಡ್ಡಿಗೆ ಹೋಯಿತು, ಯಾವ ದಿನ ಹಳ್ಳದಲ್ಲಿ ಯಾವ ಬಣ್ಣ ಬಂತು, ನೆನಪಿದ್ದಷ್ಟನ್ನು ತೆಲುಗಿನಲ್ಲಿ ಬರೆದೆ. ಥಾನಿನ ಚೂರುಗಳನ್ನು ಪಿನ್ನು ಹಾಕಿ ಜೋಡಿಸಿದೆ. ಕೆಳಗೆ ಹೆಸರು, ಕಟಿಂಗ್ ಮಾಸ್ತರ್ ಎಂದು ಕೆಲಸ, ಸಹಿ. ಸೋಮವಾರ ಅರ್ಧ ದಿನ ರಜೆ ಹಾಕಿ ಕಚೇರಿಯಲ್ಲಿ ಸಾಲಿಗೆ ನಿಂತೆ.

ಗುಮಾಸ್ತ ಗುರುತು ಹಿಡಿದ. "ನೀವು ಆ ಹಾಡಿನಮ್ಮನ ಯಜಮಾನ್ರಲ್ಲಾ? ಆಯಮ್ಮ ಬಂದಿಲ್ಲೇನ್ರಿ?"

ತೀರಿಕೊಂಡಳು ಎಂದೆ.

ಅವನು ಎದ್ದು ನಿಂತ. "ಅಯ್ಯಯ್ಯೋ! ಎಂಥಾ ಹಾಡ್ರಿ ಅದು, ಮೈ ಜುಂ ಅಂದಿತ್ತು. ನಮ್ಮ ಮನ್ಯಾಗ ಎಲ್ಲಾರಿಗೂ ಹೇಳಿದ್ದೆ." ಅವನ ಬೇಜಾರು ನಿಜವಾದದ್ದೇ. ಆಮೇಲೆ ಕೂತು ನನ್ನ ಅರ್ಜಿಯ ಮೊದಲ ಸಾಲು ನೋಡಿದ. "ಇದು ಯಾವ ಹಳ್ಳದ್ರಿ?"

ಹೇಳಿದೆ. ನಂಬರಿನ ಚೀಟಿ ಕೊಟ್ಟ.

ಆ ವಾರದ ಕೊನೆಗೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೋದಾಗ ನನ್ನ ಕಟಿಂಗ್ ಟೇಬಲ್ಲಿನ ಮುಂದೆ ಬೇರೊಬ್ಬ ನಿಂತಿದ್ದ. ಯಜಮಾನರು ನನ್ನ ಮುಖ ನೋಡಲಿಲ್ಲ. ಟೇಬಲ್ಲಿನ ಮೂಲೆಯಲ್ಲಿ ನನ್ನ ಅರ್ಜಿಯ ಜೆರಾಕ್ಸ್ ಇತ್ತು. ಶೆಡ್ಡುಗಳ ಹೆಸರಿದ್ದ ಸಾಲುಗಳ ಕೆಳಗೆಲ್ಲ ಯಾರೋ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಇಷ್ಟು ವರ್ಷ ನಮ್ಮ ಓಣಿಯವರು ಕೊಟ್ಟ ಅರ್ಜಿಗಳಲ್ಲಿ ಮೊದಲಿಂದ ಕೊನೆಯವರೆಗೆ ಓದಿಸಿಕೊಂಡದ್ದು ಇದೊಂದೇ ಎಂದು ನನಗೆ ಅರ್ಥವಾಯಿತು.