ಅವ್ವನ ಎರಡು ಸರ್ಕಾರ

ದೊಡ್ಡಗಾಜನೂರಿನಲ್ಲಿ ಎರಡು ಸರ್ಕಾರ ಅಂದರೆ ಒಂದು ನಮ್ಮ ತಮಿಳುನಾಡಿನದು, ಇನ್ನೊಂದು ಗಡಿಯಾಚೆ ಚಾಮರಾಜನಗರದ ಕಡೆಯದು. ಅವ್ವನ ಪಾಲಿಗೆ ಪ್ರಪಂಚದಲ್ಲಿ ಮೂರನೆಯ ಸರ್ಕಾರವೇ ಇಲ್ಲ.

ಆ ವರ್ಷ ಕೋಸು ಹೊಲದಲ್ಲೇ ಕೊಳೆತಾಗ ಬೇಸತ್ತ ನನ್ನ ತಮ್ಮ ಗಲ್ಫಿಗೆ ಹೊರಟು ನಿಂತಿದ್ದ. ಅಲ್ಲಿ ತರಕಾರಿ ಗೋದಾಮಿನಲ್ಲಿ ಕೆಲಸ. ವೀಸಾ ಕೈಗೆ ಬಂದಿತ್ತು. ಅವ್ವ ಅವನ ಜೊತೆ ಮಾತು ಬಿಟ್ಟಿದ್ದಳು. ಅವನನ್ನು ತಡೆಯಲೆಂದು ಚಾಮರಾಜನಗರದ ಗಂಡನ ಮನೆಯಿಂದ ಬಂದ ನಾನು ಎರಡೇ ದಿನದಲ್ಲಿ ಜಗಳವಾಡಿ ಮುಖ ಊದಿಸಿಕೊಂಡು ಕೂತಿದ್ದೆ.

ಅಷ್ಟರಲ್ಲಿ ತಾಳವಾಡಿಯಲ್ಲಿ ರೈತರ ಸಭೆ ಕರೆದರು. ಮೂವರೂ ಹೋದೆವು. ಅಧಿಕಾರಿ ತಮಿಳಿನಲ್ಲಿ ಉತ್ಸಾಹದಿಂದ ವಿವರಿಸಿದರು: ನಮ್ಮ ದೇಶದ್ದೂ ಹೊರದೇಶದ್ದೂ, ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡಿವೆ, ಅವರ ಹಣದಲ್ಲಿ ಇಲ್ಲೇ ಕೋಲ್ಡ್ ಸ್ಟೋರೇಜ್ ಬರುತ್ತದೆ, ಇನ್ನು ಇಲ್ಲಿಂದ ಎಲೆಕೋಸು ಹೋದರೆ ಸಾಕು, ಮಕ್ಕಳು ಹೋಗಬೇಕಾಗಿಲ್ಲ, ಹೋದವರೂ ವಾಪಸ್ ಬರುತ್ತಾರೆ.

ಅವ್ವನ ಕಿವಿಗೆ ಬಿದ್ದದ್ದು 'ಎರಡು ಸರ್ಕಾರ' ಮತ್ತು 'ವಾಪಸ್', ಅಷ್ಟೇ. ಎದ್ದು ನಿಂತಳು.

"ಅಂಗಾದ್ರ ಸ್ವಾಮಿ, ಚಾಮರಾಜನಗರಕ್ಕ ಕೊಟ್ಟಿರೊ ನನ್ ಮಗ್ಳೂ ವಾಪಸ್ ಬತ್ತಾಳಾ?"

ಸಭೆಗೆ ಸಭೆಯೇ ನಕ್ಕಿತು. ಪಕ್ಕದಲ್ಲೇ ಕೂತಿದ್ದ ನನಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ತಮ್ಮನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಯಾರೋ ತಮಿಳಿನಲ್ಲಿ ತಿಳಿಸಿ ಹೇಳಿದ ಮೇಲೆ ಅಧಿಕಾರಿಯೂ ನಕ್ಕರು. ನಾನು ಕೆಲಸ ಹುಡುಕಿಕೊಂಡು ಗಡಿ ದಾಟಿದವಳಲ್ಲ, ಹುಡುಗ ಇಷ್ಟವಾದ ಅಂತ ದಾಟಿದವಳು. ಯಾವ ಒಪ್ಪಂದದ ಕೈಗೂ ನಾನು ಸಿಗುವುದಿಲ್ಲ. ತಮ್ಮನೂ ಸಿಗಲಾರ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಅವನು ಒಲೆ ಮುಂದೆ ಕೂತು, ಹೋಗುವುದಿಲ್ಲ ಎಂದುಬಿಟ್ಟ. ಕೋಲ್ಡ್ ಸ್ಟೋರೇಜಿಗೆ ಆಗಿನ್ನೂ ಒಂದು ಕಲ್ಲೂ ಇಟ್ಟಿರಲಿಲ್ಲ. ಅವ್ವ ಎರಡೂ ಸರ್ಕಾರಗಳಿಗೆ ಒಳ್ಳೆಯದಾಗಲಿ ಎಂದು ಹರಸತೊಡಗಿದಳು.

"ಸರ್ಕಾರ್ದಿಂದಲ್ಲ ಕಣವ್ವ," ಎಂದ ತಮ್ಮ. "ನೆನ್ನ ನಿನ್ ಮಾತ್ಗ ನಗ್ತಾ ನಗ್ತಾ, ಅಲ್ಲಿ ಯಾರ್ ಮಾತ್ಗ ಇಂಗ ನಗ್ಲಿ ಅನ್ನುಸ್ಬುಡ್ತು."

ನನಗೆ ಎಷ್ಟು ಖುಷಿಯಾಯಿತೆಂದರೆ, ಜಗಳವನ್ನೆಲ್ಲ ಮರೆತು ಅವನ ಬೆನ್ನಿಗೊಂದು ಗುದ್ದಿದೆ.

ಈಗ ಕೋಲ್ಡ್ ಸ್ಟೋರೇಜ್ ಬಂದಿದೆ. ನಮ್ಮ ಕೋಸು ದಿಂಬಂ ಘಾಟಿ ಇಳಿದು ಹೊರದೇಶಕ್ಕೆ ಹೋಗುತ್ತದೆ, ತಮ್ಮ ಆ ಸ್ಟೋರೇಜಿನಲ್ಲೇ ಕೆಲಸಕ್ಕಿದ್ದಾನೆ. ಅವನನ್ನು ಉಳಿಸಿದ್ದು ಒಪ್ಪಂದ ಎಂದು ಅಧಿಕಾರಿ ಎಲ್ಲ ಸಭೆಯಲ್ಲೂ ಹೇಳುತ್ತಾರಂತೆ. ಹೇಳಿಕೊಳ್ಳಲಿ.

ನಾನು ಚಾಮರಾಜನಗರದ ಬಸ್ಸು ಹತ್ತುವಾಗ ಅವ್ವ ಈಗಲೂ ಕೇಳುತ್ತಾಳೆ, ಆ ಕಡೆ ಸರ್ಕಾರ ನನ್ನನ್ನು ಯಾವಾಗ ವಾಪಸ್ ಕೊಡುತ್ತದೆ ಎಂದು. ದೀಪಾವಳಿಗೆ ಎನ್ನುತ್ತೇನೆ.