ಕಮಾನಿನ ಓಣಿಗೆ ಟೇಪು ಹಿಡಿದವನು

ಮುದ್ದೇಬಿಹಾಳದ ಎಪಿಎಂಸಿ ಯಾರ್ಡಿನಲ್ಲಿ ತೊಗರಿ ಚೀಲ ತೂಗುವ ಸೋಮನಿಂಗ ದೆವ್ವದ ಕತೆ ಬರೆಯುತ್ತಾನೆ. ಬರೆಯುವುದಕ್ಕೆ ಯಾರ ತಕರಾರೂ ಇಲ್ಲ. ಓದಿದವರು ನಗುತ್ತಾರೆ, ಅದೇ ಗೋಳು. ಹದಿನೆಂಟು ವರ್ಷ ತಕ್ಕಡಿ ಹಿಡಿದ ಕೈ, ಅಳತೆಯಿಲ್ಲದೆ ಒಂದು ಸಾಲೂ ಬರೆಯದು. ಅವನ ಕತೆಯಲ್ಲಿ ಬಿಳಿ ಸೀರೆಯ ಹೆಣ್ಣು ಬಾವಿಯಿಂದ ಎದ್ದು ಬಂದರೆ ಬಾವಿಯ ಆಳ ಮೂವತ್ತೊಂದು ಅಡಿ, ಹೆಣ್ಣಿನ ತೂಕ ನಲವತ್ತೆರಡು ಕೆಜಿ, ಸೀರೆ ಹಸಿಯಾಗಿದ್ದಕ್ಕೆ ಮತ್ತೆರಡು ಕೆಜಿ. ಹೆಂಡತಿ ಸುವರ್ಣಾ ಕೂಡ ಹಿಟ್ಟು ನಾದುತ್ತ ಕೇಳಿ ಕಿಸಕ್ಕನೆ ನಕ್ಕಿದ್ದಳು.

ವಿಜಯಪುರದ ವಾರಪತ್ರಿಕೆಯ ಸಂಪಾದಕ ಕೊನೆಗೆ ಫೋನ್ ಮಾಡಿ, ಇನ್ನೊಂದೇ ಕತೆ, ಅದಕ್ಕೂ ಮಂದಿ ನಕ್ಕರೆ ನಿಮ್ಮ ಜಾಗಕ್ಕೆ ರಾಶಿಭವಿಷ್ಯ ಹಾಕುತ್ತೇನೆ ಎಂದುಬಿಟ್ಟ.

ಸೋಮನಿಂಗ ಅರ್ಧ ರೊಟ್ಟಿಗೇ ಎದ್ದ. ಊರಿನ ದೆವ್ವಗಳಿಂದ ಇನ್ನು ಆಗದು, ಬಾದಶಹರ ಕಾಲದ್ದೇ ಬೇಕೆಂದು ಭಾನುವಾರ ಮೊದಲ ಬಸ್ಸಿಗೆ ವಿಜಯಪುರಕ್ಕೆ ಹೋದ. ಟಿಕೆಟ್ ತೆಗೆದು ನೋಡುವ ಗೋಲಗುಮ್ಮಟದಲ್ಲಿ ಮಕ್ಕಳು ಕೂಗುವ ಗದ್ದಲಕ್ಕೆ ಯಾವ ದೆವ್ವ ನಿಂತೀತು? ಓಣಿ ಓಣಿ ತಿರುಗಿ, ಹೆಸರಿಲ್ಲದ ಒಂದು ಹಳೇ ಕಮಾನು ಹಿಡಿದ. ಕರಿಗಲ್ಲು, ನೆತ್ತಿಯ ಮೇಲೆ ಆಲದ ಗಿಡ. ಕಮಾನಿನ ಹೊಟ್ಟೆಯೊಳಗೇ ಇಟ್ಟಿಗೆ ಗೋಡೆ ಎತ್ತಿ ಕಟ್ಟಿಕೊಂಡ ನಾಲ್ಕು ಮನೆಗಳು. ಚೀಲದಿಂದ ಟೇಪು ತೆಗೆದು ಅಳೆದ, ವಹಿಯಲ್ಲಿ ಬರೆದುಕೊಂಡ.

ಮೆಣಸಿನಕಾಯಿ ಒಣಹಾಕುತ್ತಿದ್ದ ಬುಶ್ರಾ ಎಂಬ ಹೆಂಗಸು ಟೇಪು ಕಂಡವಳೇ ಒಳಗೆ ಓಡಿದಳು. ಗಳಿಗೆಯಲ್ಲಿ ಓಣಿಯ ಟಿವಿಗಳೆಲ್ಲ ಬಂದ್. ಅವಳ ಮಾವ ಮೀರಾಸಾಬ ಕುರ್ಚಿ ತಂದಿಟ್ಟ, ಚಹಾ ತಂದಿಟ್ಟ, ಕರೆಂಟ್ ಬಿಲ್ಲು, ರೇಷನ್ ಕಾರ್ಡುಗಳ ಕಟ್ಟನ್ನು ಸೋಮನಿಂಗನ ತೊಡೆಯ ಮೇಲೆ ಸುರಿದ.

"ಎಷ್ಟ ಒಡೀತೀರಿ ಸಾಹೇಬ್ರ?" ಅಂದ. "ಅರ್ಧಾರ ಬಿಡ್ರಿ."

ಸೋಮನಿಂಗ ಜನ್ಮದಲ್ಲಿ ಮೊದಲ ಸಲ ಒಬ್ಬ ಮನುಷ್ಯನನ್ನು ಹೆದರಿಸಿದ್ದ. ಒಂದು ಗುಟುಕಿನಷ್ಟು ಹೊತ್ತು ಖುಷಿಯೇ ಆಯಿತು. ಎರಡನೇ ಗುಟುಕಿಗೆ ಮೊದಲೇ ಕಪ್ಪು ಕೆಳಗಿಟ್ಟ. ತಾನು ಮನೆ ಒಡೆಸಲು ಅಳೆಯುವ ಸರಕಾರಿ ಸಾಹೇಬನಲ್ಲ, ಕತೆ ಬರೆಯಲು ದೆವ್ವ ಹುಡುಕುತ್ತ ಬಂದವನೆಂದು ಬಾಯಿಬಿಟ್ಟ.

ಬುಶ್ರಾ ಹೊರಬಂದು ಮೊದಲು ಕುರ್ಚಿ ಕಸಿದುಕೊಂಡಳು.

"ದೆವ್ವ ಹುಡುಕಾಕ ಟೇಪ್ ಯಾಕ ಬೇಕೋ ನಿನಗ? ಮ್ಯಾಲಿನ ಖೋಲ್ಯಾಗ ಒಂದ ಐತಿ. ನಮ್ಮತ್ತಿ ಕಾಲದಿಂದ ಐತಿ. ಒಂದ ದಿನಾರ ನಮಗ ನೋಟೀಸ್ ಕೊಟ್ಟಿಲ್ಲ ಅದು."

ಸೋಮನಿಂಗ ಮೇಲಿನ ಆ ಕೋಣೆಗೆ ಹತ್ತಲೇ ಇಲ್ಲ. ವಾಪಸು ಬರುವ ಬಸ್ಸಿನಲ್ಲೇ ಬರೆದ. ಹಗಲು ಹೊತ್ತಿನಲ್ಲಿ ಒಬ್ಬ ಬರುತ್ತಾನೆ, ಮಾತಾಡುವುದಿಲ್ಲ, ಗೋಡೆಗೆ ಟೇಪು ಹಿಡಿದು ಏನೋ ಬರೆದುಕೊಂಡು ಹೋಗುತ್ತಾನೆ. ಅಷ್ಟೇ ಕತೆ. ಎಷ್ಟು ಅಡಿ ಎಂಬುದನ್ನು ಮಾತ್ರ ಬರೆಯಲಿಲ್ಲ. ಸಂಪಾದಕ ಒಂದಕ್ಷರ ಕತ್ತರಿಸದೆ ಹಾಕಿದ.

ಪತ್ರಿಕೆ ಬಂದ ದಿನ ಯಾರ್ಡಿನಲ್ಲಿ ಚೀಲ ಹೊರುವ ಹಮಾಲರು ನಗಲು ತಯಾರಾಗಿಯೇ ಚೀಲಗಳ ಮೇಲೆ ಕೂತರು. ಒಬ್ಬ ಗಟ್ಟಿಯಾಗಿ ಓದಿದ. ಓದಿ ಮುಗಿದರೂ ಯಾರೂ ನಗಲಿಲ್ಲ. ಯಾರ್ಡಿನ ಗಟಾರದ ಮೇಲೆ ತಗಡು ಹೊಡೆದು ಚಹಾ ಮಾರುವ ಕಾಂತು ಸೋಮನಿಂಗನನ್ನು ಮೆಲ್ಲಗೆ ಬದಿಗೆ ಕರೆದ.

"ಅಣ್ಣಾ, ಆ ಟೇಪಿನಂವ ಮುದ್ದೇಬಿಹಾಳಕ್ಕ ಯಾವಾಗ ಬರ್ತಾನ?"